ಎರಡನೆಯ ರುಸ್ಮಿನಿ

ನನ್ನ ಅಪ್ಪ ನನಗೆ ಒಂದೇ ಹೆಸರಿಟ್ಟ: ರುಸ್ಮಿನಿ. ಅವನಿಗೂ ಒಂದೇ ಹೆಸರು, ಅಮ್ಮನಿಗೂ ಒಂದೇ, ಅಜ್ಜಿಗೂ ಒಂದೇ. ನಮ್ಮ ಪುರ್ವೊಕೆರ್ತೊ ಕಡೆ ಅರ್ಧಕ್ಕರ್ಧ ಜನ ಒಂದೇ ಹೆಸರಿನಲ್ಲಿ ಹುಟ್ಟಿ, ಒಂದೇ ಹೆಸರಿನಲ್ಲಿ ಮದುವೆಯಾಗಿ, ಅದೇ ಹೆಸರಿನ ಹಲಗೆಯ ಕೆಳಗೆ ಮಣ್ಣಾಗುತ್ತಾರೆ. ನಲವತ್ತೊಂಬತ್ತು ವರ್ಷ ಆ ಒಂದು ಹೆಸರು ನನಗೆ ಸಾಕಾಗಿತ್ತು. ಯಾರಾದರೂ ಕೂಗಿದರೆ ತಿರುಗಿ ನೋಡಲು ಒಂದಕ್ಕಿಂತ ಹೆಚ್ಚು ಯಾಕೆ ಬೇಕು?

ಬೇಕಂತೆ. ಲೇಖನ ಬರೆಯುವವರಿಗೆ ಬೇಕಂತೆ.

ನಾನು ಸಿಟ್ಟಿನ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದಿದ ಮೇಲೆ ಯಾರೂ ನಂಬುವುದಿಲ್ಲ.

ನಾನು ಒಂದು ಖಾಸಗಿ ಕಾಲೇಜಿನ ಗ್ರಾಮೀಣ ಅರ್ಥಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಅದರಲ್ಲಿ ಆರು ವರ್ಷ, ಪ್ರತಿ ಶನಿವಾರ, ಸ್ಕೂಟರ್ ಹತ್ತಿ ಚಿಲೊಂಗೊಕ್ ಗುಡ್ಡದ ಹಳ್ಳಿಗಳಿಗೆ ಹೋದೆ. ಅಲ್ಲಿ ಗಂಡಸರು ತೆಂಗಿನ ಮರ ಹತ್ತಿ ನೀರಾ ಇಳಿಸುತ್ತಾರೆ, ಹೆಂಗಸರು ಅದನ್ನು ಕಾಯಿಸಿ ಬೆಲ್ಲ ಮಾಡುತ್ತಾರೆ. ಮರ ಹತ್ತುವವನ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ. ಅವನು ಮರದ ತುದಿಯಲ್ಲಿರುತ್ತಾನೆ. ಒಲೆಯ ಮುಂದಿರುವವಳು ಯಾರ ಕಣ್ಣಿಗೂ ಬೀಳುವುದಿಲ್ಲ, ಅವಳು ಹೊಗೆಯೊಳಗಿರುತ್ತಾಳೆ. ಅವಳು ದಿನಕ್ಕೆ ಎಷ್ಟು ಗಂಟೆ ದುಡಿಯುತ್ತಾಳೆ ಎಂದು ಯಾರೂ ಎಣಿಸಿರಲಿಲ್ಲ. ನಾನು ಎಣಿಸಿದೆ. ಸರಿಯಾಗಿ ಹೇಳಬೇಕೆಂದರೆ ಹನ್ನೆರಡು ಹೆಂಗಸರು ಎಣಿಸಿಕೊಟ್ಟರು. ಅವರಲ್ಲಿ ಒಬ್ಬಾಕೆಯಂತೂ ಮೂರು ವರ್ಷ ಒಂದು ದಿನವೂ ತಪ್ಪದೆ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗಂಟೆಗೊಂದು ಗೆರೆ ಎಳೆದಿದ್ದಳು. ಲೇಖನದಲ್ಲಿ ಆಕೆ ‘ಮಾಹಿತಿದಾರೆ-7’. ಮಾಹಿತಿ ಕೊಟ್ಟವರ ಹೆಸರು ಬರೆಯಬಾರದು ಎಂಬುದು ನಿಯಮ.

ಈ ಲೇಖನ ಅಚ್ಚಾದರೆ ನಾನು ಹಿರಿಯ ಉಪನ್ಯಾಸಕಿಯಾಗಬಹುದಿತ್ತು. ನನ್ನ ಶಿಷ್ಯರಾಗಿದ್ದ ಇಬ್ಬರು ಈಗಾಗಲೇ ಆಗಿ, ನಾನು ಎದುರಾದಾಗ ಮೃದುವಾಗಿ ನಗುತ್ತಿದ್ದರು. ಬಡ್ತಿಯ ನಿಯಮ ಸರಳ: ಲೇಖನದಲ್ಲಿ ಮೊದಲ ಹೆಸರಿನವರಿಗೆ ನೂರಕ್ಕೆ ಅರವತ್ತು ಅಂಕ, ಉಳಿದವರೆಲ್ಲ ಸೇರಿ ನಲವತ್ತನ್ನು ಹಂಚಿಕೊಳ್ಳಬೇಕು. ನನಗೆ ಬೇಕಾದದ್ದು ಸರಿಯಾಗಿ ಅರವತ್ತು. ನವೆಂಬರಿನ ಕೊನೆಯ ಶುಕ್ರವಾರ ಅರ್ಜಿಯ ಬಾಗಿಲು ಮುಚ್ಚುತ್ತದೆ. ಆಮೇಲೆ ತೆರೆಯುವುದು ಎರಡು ವರ್ಷದ ನಂತರ.

ಲೇಖನ ಮುಗಿದ ದಿನ ವಿಭಾಗದ ಮುಖ್ಯಸ್ಥರಾದ ಪಾ ಹಾರ್ದೋಯೋ ಒಂದು ತಟ್ಟೆ ಮೆಂಡೊವಾನ್ ಬಜ್ಜಿ ಹಿಡಿದು ನನ್ನ ಮೇಜಿನ ಬಳಿ ಬಂದರು. ಎಣ್ಣೆಯ ಬೆರಳಿನಿಂದ ನನ್ನ ಹಸ್ತಪ್ರತಿಯ ಮೊದಲ ಪುಟ ತಿರುಗಿಸಿದರು.

“ಮುಗೀತಂತೆ, ಬು ರುಸ್ಮಿನಿ?”

“ಮುಗೀತು ಪಾ,” ಎಂದೆ. ನಮ್ಮಲ್ಲಿ ಮರ್ಯಾದೆಗೆ ಗಂಡಸರನ್ನು ಪಾ, ಹೆಂಗಸರನ್ನು ಬು ಎನ್ನುತ್ತಾರೆ.

“ನನ್ನ ಹೆಸರು ಪೂರ್ತಿ ಬರೀರಿ. ಹಾರ್ದೋಯೋ ಕುಸುಮಪ್ರೊಜೊ. ಮೊಟಕು ಮಾಡ್ಬೇಡಿ. ಅದು ನಮ್ಮ ತಾತನ ಕಾಲದಿಂದ ಬಂದಿದ್ದು.”

“ಯಾವುದರಲ್ಲಿ ಪಾ?”

“ಲೇಖನದಲ್ಲಿ. ನಾವೆಲ್ಲ ಒಂದೇ ಕುಟುಂಬ ಅಲ್ವಾ?”

ನಮ್ಮ ವಿಭಾಗ ಕುಟುಂಬವಾಗುವುದು ವರ್ಷಕ್ಕೆ ಎರಡು ಸಲ. ಯಾರಾದರೂ ಲೇಖನ ಮುಗಿಸಿದಾಗ ಒಂದು ಸಲ. ಹಬ್ಬದ ಕೂಟ ಮುಗಿದು ಪಾತ್ರೆ ತೊಳೆಯಬೇಕಾದಾಗ ಇನ್ನೊಂದು ಸಲ. ಮೊದಲನೆಯದರಲ್ಲಿ ಪಾ ಹಾರ್ದೋಯೋ ತಂದೆ. ಎರಡನೆಯದರಲ್ಲಿ ನಾನು ಸೊಸೆ.

“ತಾವು ಚಿಲೊಂಗೊಕ್‌ಗೆ ಒಂದು ಸಲಾನೂ ಬಂದಿಲ್ಲವಲ್ಲ ಪಾ,” ಎಂದೆ.

“ನಿಮ್ಮ ರಜೆ ಚೀಟಿಗೆ ಸಹಿ ಹಾಕಿದ್ದು ಯಾರು?”

“ನಾನು ಹೋಗ್ತಿದ್ದದ್ದು ಶನಿವಾರ. ಶನಿವಾರ ಎಲ್ಲರಿಗೂ ರಜೆ.”

“ಸರಿ, ಯಾವತ್ತಾದ್ರೂ ಶನಿವಾರ ಕೆಲಸಕ್ಕೆ ಬನ್ನಿ ಅಂತ ಕರೆದಿದ್ದೀನಾ? ಅದು ಸಹಕಾರ ಅಲ್ವಾ?”

ಬಡ್ತಿಯ ಅರ್ಜಿಗೆ ಮೊದಲ ಸಹಿ ಅವರದ್ದೇ. ನಾನು ಅವರ ಹೆಸರನ್ನು ಎರಡನೆಯದಾಗಿ ಸೇರಿಸಿದೆ. ಪೂರ್ತಿಯಾಗಿ, ತಾತನ ಸಮೇತ. ಅವರು ಅರ್ಜಿಗೆ ಸಹಿ ಹಾಕಿದರು. ಹಲ್ಲು ಎಷ್ಟು ಬಿಗಿಯಾಗಿ ಕಚ್ಚಿದ್ದೆನೆಂದರೆ ಮರುದಿನ ದವಡೆ ನೋಯುತ್ತಿತ್ತು.

ಆಮೇಲೆ ಹಸ್ತಪ್ರತಿಯನ್ನು ಪತ್ರಿಕೆಯ ಅಚ್ಚಿಗೆ ಒಗ್ಗಿಸುವ ಕೆಲಸ. ಪಕ್ಕದ ಜಿಲ್ಲೆಯ ಒಂದು ಕಾಲೇಜು ನಡೆಸುವ ಪತ್ರಿಕೆ ಅದು. ಲೋಕದ ಯಾರು ಬೇಕಾದರೂ ಚಂದಾ ಇಲ್ಲದೆ ತೆರೆದು ಓದಬಹುದು. ಓದುವವರಿಗೆ ಇರುವಷ್ಟು ಔದಾರ್ಯ ಕಳಿಸುವವರಿಗೆ ಇಲ್ಲ. ಎಡಕ್ಕೆ ಮೂರು ಸೆಂಟಿಮೀಟರ್ ಬಿಡಿ, ಬಲಕ್ಕೆ ಎರಡೂವರೆ. ಸಾರಾಂಶ ಇನ್ನೂರು ಪದ ದಾಟಬಾರದು. ಆರು ವರ್ಷದ ಹೊಗೆ ಇನ್ನೂರು ಪದದಲ್ಲಿ. ಪರಿಶೀಲಕರಿಗೆ ಕಳಿಸುವ ಪ್ರತಿಯಲ್ಲಿ ಲೇಖಕರ ಹೆಸರು ಎಲ್ಲೂ ಇರಕೂಡದು. ಆ ಪ್ರತಿಯನ್ನು ಕಂಡ ಪಾ ಹಾರ್ದೋಯೋ ಓಣಿಯುದ್ದಕ್ಕೂ ಕೂಗಿಕೊಂಡು ಬಂದರು. “ನನ್ನ ಹೆಸರು ಎಲ್ಲಿ? ನನ್ನನ್ನ ತೆಗೆದುಹಾಕಿದೀರಾ? ಇದನ್ನ ಕುಟುಂಬ ಅಂತಾರಾ?” ಅವರಿಗೆ ನಿಯಮ ತೋರಿಸಲು ಒಂದು ಮಧ್ಯಾಹ್ನ ಹೋಯಿತು.

ಭಾನುವಾರ ಮನೆಯಲ್ಲಿ ಕುಳಿತು ಪತ್ರಿಕೆಯ ಜಾಲತಾಣದಲ್ಲಿ ಲೇಖನ ಕಳಿಸಲು ಹೊರಟೆ. ನನ್ನ ಗಂಡ ಮಾಸ್ ಪುರ್ನೊಮೊ, ವೃತ್ತಿಶಾಲೆಯಲ್ಲಿ ಮೋಟಾರ್ ರಿಪೇರಿ ಕಲಿಸುವವರು, ಪಕ್ಕದಲ್ಲಿ ಕುಳಿತು ಯಂತ್ರ ಯಾವುದಾದರೂ ಒಂದೇ ಎಂಬ ಧೈರ್ಯದಿಂದ ಸಲಹೆ ಕೊಡತೊಡಗಿದರು.

“ಕುಟುಂಬದ ಹೆಸರು ಕೇಳ್ತಿದೆ,” ಎಂದೆ.

“ಖಾಲಿ ಬಿಡು.”

“ಬಿಟ್ರೆ ಮುಂದಕ್ಕೆ ಹೋಗ್ತಿಲ್ಲ. ಕೆಂಪು ನಕ್ಷತ್ರ ಬರ್ತಿದೆ. ಕಡ್ಡಾಯ ಅಂತೆ.”

“ಒಂದು ಚುಕ್ಕಿ ಇಡು.”

“ಇಟ್ಟೆ. ಸರಿಯಾದ ಹೆಸರು ನೀಡಿ ಅಂತಿದೆ.”

“ನನ್ನ ಹೆಸರು ಹಾಕು ಹಾಗಾದ್ರೆ.”

“ನಿಮ್ಮದು ಯಾಕೆ? ನೀವೇನು ಬೆಲ್ಲ ಕಾಯಿಸಿದ್ರಾ?”

“ನಿಮ್ಮಪ್ಪಂದು?”

“ಅಪ್ಪ ಸತ್ತು ಹನ್ನೊಂದು ವರ್ಷ ಆಯ್ತು. ಈಗ ಅವನನ್ನ ಎಬ್ಬಿಸಿ ತಂದು ಪಾ ಹಾರ್ದೋಯೋ ಪಕ್ಕದಲ್ಲಿ ಕೂರಿಸ್ಲಾ?”

ನಾಲ್ಕು ಸಲ ಪುಟ ತಾನಾಗಿ ಮುಚ್ಚಿಕೊಂಡಿತು. ನಾಲ್ಕು ಸಲವೂ ತುಂಬಿದ್ದೆಲ್ಲ ಅಳಿಸಿಹೋಯಿತು: ಶೀರ್ಷಿಕೆ, ಸಾರಾಂಶ, ಮನೆಯ ವಿಳಾಸ, ಎಲ್ಲ. ಕಾಲೇಜಿಗೆ ಬಂದ ಕಾಗದಗಳು ಎಂದೂ ನನ್ನ ಕೈಸೇರುವುದಿಲ್ಲವಾದ್ದರಿಂದ ಮನೆಯ ವಿಳಾಸವನ್ನೇ ಕೊಟ್ಟಿದ್ದೆ. ಐದನೆಯ ಸಲ ಆ ಕೆಂಪು ನಕ್ಷತ್ರ ಕಣ್ಣು ಮಿಟುಕಿಸಿದಾಗ ನನ್ನೊಳಗೆ ಏನೋ ತುಂಡಾಯಿತು. ಇರುವ ಒಂದೇ ಹೆಸರನ್ನು ಇನ್ನೊಮ್ಮೆ ಕುಟ್ಟಿದೆ. ಮೇಜಿನ ಮೇಲಿದ್ದ ಚಹಾ ಲೋಟ ನಡುಗಿತು. ಯಂತ್ರ ಸುಮ್ಮನಾಯಿತು. ನಕ್ಷತ್ರ ಮಾಯವಾಯಿತು.

“ನೋಡಿದ್ಯಾ?” ಎಂದರು ಮಾಸ್ ಪುರ್ನೊಮೊ. “ಸ್ವಲ್ಪ ಜೋರಾಗಿ ಹೊಡೀಬೇಕು ಅಷ್ಟೆ. ಹಳೇ ಗಾಡಿನೂ ಹಾಗೇ.”

ನಾಲ್ಕು ತಿಂಗಳಾದ ಮೇಲೆ ಇಬ್ಬರು ಪರಿಶೀಲಕರ ಮಾತು ಬಂತು. ಒಬ್ಬರು ಲೇಖನ ತೀರಾ ಉದ್ದ ಎಂದರು, ಇನ್ನೊಬ್ಬರು ತೀರಾ ಗಿಡ್ಡ ಎಂದರು. ಗಿಡ್ಡ ಎಂದವರು ಒಂದು ಪ್ರಶ್ನೆಯನ್ನೂ ಕೇಳಿದ್ದರು: “ಈ ಹೆಂಗಸರ ದುಡಿಮೆಯ ಗಂಟೆಗಳು ನಿಜವೇ ಎಂದು ಅವರ ಗಂಡಂದಿರನ್ನು ಕೇಳಿ ಖಚಿತಪಡಿಸಿಕೊಳ್ಳಲಾಗಿದೆಯೇ?” ನಾನು ಅದಕ್ಕೆ ಏಳು ಉತ್ತರ ಬರೆದು, ಆರನ್ನು ಹರಿದುಹಾಕಿ, ಏಳನೆಯದನ್ನು ಕಳಿಸಿದೆ. ಹರಿದ ಆರೂ ಹೆಚ್ಚು ಚೆನ್ನಾಗಿದ್ದವು.

ಅಂತೂ ನವೆಂಬರ್ ಆರಂಭದಲ್ಲಿ ಲೇಖನ ಹೊರಬಂತು. ಆ ಪತ್ರಿಕೆಯಲ್ಲಿ ಪುಟ ಜೋಡಿಸುವವನೊಬ್ಬನಿದ್ದಾನೆ. ಬಹಳ ಶ್ರದ್ಧಾವಂತ. ಅವನನ್ನು ನಾನು ಈವರೆಗೆ ಕಂಡಿಲ್ಲ. ಕಾಣುವುದು ಅವನಿಗೆ ಒಳ್ಳೆಯದೂ ಅಲ್ಲ. ‘ರುಸ್ಮಿನಿ ರುಸ್ಮಿನಿ’ ಎಂದು ನೋಡಿದ ಅವನು, ಪಾಪ, ನಡುವೆ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಎಂದುಕೊಂಡು ಹಾಕಿಬಿಟ್ಟಿದ್ದ. ಹೀಗೆ ನನ್ನ ಲೇಖನಕ್ಕೆ ಮೂವರು ಲೇಖಕರಾದರು: ರುಸ್ಮಿನಿ, ರುಸ್ಮಿನಿ, ಹಾರ್ದೋಯೋ ಕುಸುಮಪ್ರೊಜೊ.

ನಾನದನ್ನು ಗಮನಿಸುವ ಮೊದಲೇ ನನ್ನ ಗಂಡ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಹಂಚಿಯಾಗಿತ್ತು. “ನನ್ನ ಹೆಂಡತಿಯ ಅಂತರರಾಷ್ಟ್ರೀಯ ಲೇಖನ. ಉಚಿತ. ಯಾರು ಬೇಕಾದರೂ ತೆರೆದು ಓದಬಹುದು.” ಪತ್ರಿಕೆ ಪಕ್ಕದ ಜಿಲ್ಲೆಯದು ಎಂದು ನಾನು ಹೇಳಿದರೆ, ಜಿಲ್ಲೆಯಾಚೆ ಹೋದದ್ದೆಲ್ಲ ಅಂತರರಾಷ್ಟ್ರೀಯವೇ ಎಂಬ ಧಾಟಿಯಲ್ಲಿ ಕೈ ಬೀಸಿದರು.

ಮರುದಿನ ಬೆಳಿಗ್ಗೆ ಬು ಆರ್‌ಟಿ ಬಂದರು. ನಮ್ಮ ಬೀದಿಯ ಮೂವತ್ತೆರಡು ಮನೆ ಸೇರಿ ಒಂದು ಆರ್‌ಟಿ, ಅದರ ಮುಖ್ಯಸ್ಥ ಪಾ ಆರ್‌ಟಿ. ಮುಖ್ಯಸ್ಥನ ಕೆಲಸ ಮಾಡುವವರು ಅವನ ಹೆಂಡತಿ, ಈ ಬು ಆರ್‌ಟಿ. ಕಂಕುಳಲ್ಲಿ ದಪ್ಪ ರಿಜಿಸ್ಟರ್, ಮುಖದಲ್ಲಿ ಸಾವಿನ ಮನೆಗೆ ಬಂದವರ ಮೆತ್ತನೆ.

“ಬು ರುಸ್ಮಿನಿ, ಮನಸ್ಸಿಗೆ ಬೇಜಾರು ಮಾಡ್ಕೋಬೇಡಿ. ಎಷ್ಟು ದಿನದಿಂದ ಇದಾರೆ?”

“ಯಾರು?”

“ಇನ್ನೊಬ್ಬರು.”

“ಯಾವ ಇನ್ನೊಬ್ಬರು?”

“ಹೊರಗಿನವರು ಒಂದು ರಾತ್ರಿ ಉಳಿದ್ರೂ ಇಪ್ಪತ್ನಾಲ್ಕು ಗಂಟೆ ಒಳಗೆ ಬಂದು ನಮ್ಮಲ್ಲಿ ಬರೆಸ್ಬೇಕು, ಗೊತ್ತಲ್ಲ? ಬೀದಿ ಬಾಯಲ್ಲಿ ಬೋರ್ಡೇ ಇದೆ. ನಾನು ರಾತ್ರಿ ಊಟಕ್ಕೆ ಮುಂಚೆ ಲೇಖನ ತೆರೆದು ನೋಡಿದೆ. ಇಬ್ಬರು ರುಸ್ಮಿನಿ. ಇಬ್ಬರಿಗೂ ಇದೇ ಮನೆ ವಿಳಾಸ.” ಅವರು ದನಿ ತಗ್ಗಿಸಿದರು. “ಒಂದು ಲೆಕ್ಕದಲ್ಲಿ ಪಾ ಪುರ್ನೊಮೊ ಬುದ್ಧಿವಂತರು ಬಿಡಿ. ಅದೇ ಹೆಸರಿನವಳನ್ನೇ ಹುಡುಕಿದಾರೆ. ನಿದ್ದೆಗಣ್ಣಲ್ಲಿ ಕರೆದ್ರೂ ತಪ್ಪಾಗಲ್ಲ.”

“ಬು ಆರ್‌ಟಿ! ಆ ಎರಡನೆಯವಳೂ ನಾನೇ!”

“ಹೌದು ಹೌದು,” ಎಂದು ಅವರು ನನ್ನ ಕೈ ಸವರಿದರು. “ಮೊದಮೊದಲು ಹಾಗೇ ಹೇಳ್ಕೊಂಡು ಸಮಾಧಾನ ಮಾಡ್ಕೋಬೇಕು. ನನ್ನ ನಾದಿನಿನೂ ಹಾಗೇ ಅಂತಿದ್ಲು.”

ಅದೇ ಹೊತ್ತಿಗೆ ಮಾಸ್ ಪುರ್ನೊಮೊ ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು, ಹಾಡು ಗುನುಗುತ್ತ ಹೊರಬಂದರು. ಬು ಆರ್‌ಟಿ ಅವರನ್ನು ತಲೆಯಿಂದ ಕಾಲಿನವರೆಗೆ ಹೊಸದಾಗಿ ನೋಡಿದರು. ರಿಜಿಸ್ಟರ್ ತೆರೆದು ಬರೆದುಕೊಂಡರು: “ರುಸ್ಮಿನಿ, ಹೆಣ್ಣು, ಅತಿಥಿ. ಬಂದ ದಿನ ಗೊತ್ತಿಲ್ಲ.”

ಮಧ್ಯಾಹ್ನದೊಳಗೆ ಮೂವರು ನೆರೆಯ ಹೆಂಗಸರು ಮರಗೆಣಸಿನ ಸಿಹಿ ಗೆತುಕ್ ಮಾಡಿ ತಂದು ನನ್ನನ್ನು ಸಂತೈಸಿದರು. ಸಂತೈಸುವಾಗ ಮೂವರ ಕಣ್ಣೂ ಬಾಗಿಲಲ್ಲಿದ್ದ ಹೆಂಗಸರ ಚಪ್ಪಲಿಗಳನ್ನು ಎಣಿಸುತ್ತಿದ್ದವು. ಎರಡು ಜೊತೆ ಇದ್ದವು. ಒಂದು ಮನೆಯೊಳಗಿನದು, ಒಂದು ಹೊರಗಿನದು. ಮೂವರೂ ಒಟ್ಟಿಗೆ ನಿಟ್ಟುಸಿರಿಟ್ಟರು. ಸಂಜೆ ಗಂಡಸರು ನನ್ನ ಗಂಡನಿಗೆ ಮೊದಲೆಂದೂ ಇಲ್ಲದ ಮರ್ಯಾದೆಯಿಂದ ನಮಸ್ಕಾರ ಹೇಳಿದರು. ಮಾಸ್ ಪುರ್ನೊಮೊ ಅಲ್ಲಗಳೆದರು, ನಿಜ. ಆದರೆ ಅಲ್ಲಗಳೆಯುವಾಗ ಎದೆ ಸ್ವಲ್ಪ ಮುಂದಕ್ಕೆ ಬಂದಿತ್ತು. ಆ ಎದೆಯನ್ನು ನಾನು ಇನ್ನೂ ಕ್ಷಮಿಸಿಲ್ಲ.

ಬೀದಿಯವರು ಏನಾದರೂ ಅಂದುಕೊಳ್ಳಲಿ ಎಂದು ನಾನು ಲೇಖನದ ಪ್ರತಿ ಹಿಡಿದು ಕಾಲೇಜಿನ ಬಡ್ತಿ ವಿಭಾಗಕ್ಕೆ ಹೋದೆ. ಅಲ್ಲಿನ ಬು ವೆನಿಂಗ್ ಒಳ್ಳೆಯವರು. ನಿಯಮ ಬಿಟ್ಟು ಅವರಿಗೆ ಯಾರ ಮೇಲೂ ಪ್ರೀತಿಯಿಲ್ಲ, ದ್ವೇಷವೂ ಇಲ್ಲ.

“ಮೂವರು ಲೇಖಕರು,” ಎಂದರು ಕನ್ನಡಕ ಸರಿಪಡಿಸಿಕೊಂಡು. “ಇದರಲ್ಲಿ ಮೊದಲನೇ ರುಸ್ಮಿನಿ ನೀವಾ, ಎರಡನೆಯವರಾ?”

“ಇಬ್ಬರೂ ನಾನೇ.”

“ಇಬ್ಬರಾಗಿ ಅರ್ಜಿ ಹಾಕೋಕಾಗಲ್ಲ ಬು. ಒಬ್ಬರಿಗೆ ಒಂದೇ ಅರ್ಜಿ.”

“ಒಬ್ಬಳೇ ಇರೋದು! ಅಲ್ಪವಿರಾಮ ಹಾಕಿದ್ದು ತಪ್ಪು!”

“ಅಚ್ಚಾಗಿದೆಯಲ್ಲ. ಅಚ್ಚಾಗಿದ್ದನ್ನ ತಪ್ಪು ಅನ್ನೋಕೆ ನಾನ್ಯಾರು? ಎರಡು ದಾರಿ ಇದೆ. ಇಬ್ಬರೂ ಒಬ್ಬರೇ ಅಂತ ವಾರ್ಡ್ ಕಚೇರಿಯಿಂದ ಪತ್ರ ತನ್ನಿ. ಇಲ್ಲ, ‘ನಾನು ಎರಡನೆಯವಳು, ಮೊದಲನೆಯವಳಲ್ಲ’ ಅಂತ ಎರಡನೇ ರುಸ್ಮಿನಿ ಕೈಲಿ ಸ್ಟಾಂಪ್ ಅಂಟಿಸಿದ ಕಾಗದದ ಮೇಲೆ ಸಹಿ ಹಾಕಿಸಿ, ಗುರುತಿನ ಚೀಟಿ ಸಮೇತ ತನ್ನಿ.”

ಬಾಗಿಲಲ್ಲಿ ಪಾ ಹಾರ್ದೋಯೋ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಮುಖ ಹಬ್ಬದಂತೆ ಬೆಳಗುತ್ತಿತ್ತು.

“ಇಷ್ಟೊಂದು ಗೊಂದಲ ಯಾಕೆ? ಈ ಮೂವರಲ್ಲಿ ಒಬ್ಬನೇ ವ್ಯಕ್ತಿ ಅಂತ ಖಚಿತವಾಗಿರೋದು ನಾನು ಮಾತ್ರ. ಎರಡು ಹೆಸರು, ಒಂದು ದೇಹ. ಪತ್ರಿಕೆಗೆ ಬರೆದು ನನ್ನನ್ನ ಮೊದಲಿಗೆ ಹಾಕಿಸೋಣ. ನೀವಿಬ್ಬರೂ ಉಳಿದ ನಲವತ್ತು ಹಂಚಿಕೊಳ್ಳಿ.”

“ನಾವಿಬ್ಬರಾ?”

“ಅಕ್ಕತಂಗಿಯರ ಹಾಗೆ. ಕುಟುಂಬ ಅಲ್ವಾ?”

“ಪಾ, ಇನ್ನೊಬ್ಬಳು ಇಲ್ಲ ಅಂತ ತಮಗೆ ಗೊತ್ತು!”

“ನನಗೆ ಹೇಗೆ ಗೊತ್ತಿರುತ್ತೆ?” ಎಂದರು ಅವರು ಬಹಳ ನೊಂದು. “ನಾನು ಚಿಲೊಂಗೊಕ್‌ಗೆ ಬಂದೇ ಇಲ್ಲವಲ್ಲ.”

ವಾರ್ಡ್ ಕಚೇರಿಗೆ ಹೋದೆ. ಕಿಟಕಿಯ ಹಿಂದಿನ ಗುಮಾಸ್ತ ನನ್ನ ಕತೆಯನ್ನೆಲ್ಲ ತಾಳ್ಮೆಯಿಂದ ಕೇಳಿ, ಒಂದು ನಮೂನೆ ತೆಗೆದು, ಮತ್ತೆ ಒಳಗಿಟ್ಟ.

“ಇದು ಬೇರೆ ಬೇರೆ ಹೆಸರಿರೋರು ಒಬ್ಬರೇ ಅನ್ನೋದಕ್ಕೆ ಇರೋ ನಮೂನೆ. ನಿಮ್ಮದು ಎರಡೂ ಒಂದೇ ಹೆಸರು. ಒಂದೇ ಹೆಸರಿನವರು ಒಬ್ಬರೇ ಅನ್ನೋಕೆ ನಮ್ಮಲ್ಲಿ ನಮೂನೆ ಇಲ್ಲ.”

“ಒಂದೇ ಹೆಸರಾದ್ರೆ ಒಬ್ಬರೇ ಅನ್ನೋದು ಇನ್ನೂ ಸುಲಭ ಅಲ್ವಾ?”

“ಅಲ್ಲ ಬು. ನಮ್ಮ ವಾರ್ಡಲ್ಲಿ ಹದಿನಾಲ್ಕು ಜನ ಸುಗಿಯೊನೊ ಇದಾರೆ. ಎಲ್ಲರೂ ಒಬ್ಬರೇ ಅಂತ ಬರೆದುಕೊಟ್ರೆ ಅವರ ಹೆಂಡತಿಯರ ಗತಿ ಏನು?” ಅವನು ಕಂಪ್ಯೂಟರ್ ಕಡೆ ತಿರುಗಿ ಏನೋ ಒತ್ತಿದ. “ಮೇಲಾಗಿ ನಿಮ್ಮ ಬೀದಿಯಿಂದ ವರದಿ ಬಂದಿದೆ. ನಿಮ್ಮ ಮನೇಲಿ ರುಸ್ಮಿನಿ ಅನ್ನೋ ಅತಿಥಿ ಇದಾರಲ್ಲ. ಅವರನ್ನೇ ಕರ್ಕೊಂಡು ಬನ್ನಿ.”

ನಾನು ಕಿಟಕಿಯ ಕಂಬಿ ಹಿಡಿದುಕೊಂಡೆ. ಹಿಂದೆ ಸಾಲಿನಲ್ಲಿದ್ದ ಮುದುಕಿಯೊಬ್ಬಳು ನನ್ನ ಬೆನ್ನು ನೇವರಿಸಿ, “ಬಿಡಮ್ಮ, ನನ್ನ ಗಂಡನೂ ಹಾಗೇ ಮಾಡಿದ್ದ,” ಎಂದಳು.

ಪತ್ರಿಕೆಯ ಸಂಪಾದಕರಿಗೆ ಬರೆದೆ. ಮೂರು ದಿನದ ಮೇಲೆ ಸೌಜನ್ಯದ ಉತ್ತರ ಬಂತು. ಅಚ್ಚಾದ ಲೇಖನದಿಂದ ಲೇಖಕರೊಬ್ಬರನ್ನು ಕೈಬಿಡಬೇಕಾದರೆ ಕೈಬಿಡಲಾಗುವ ಲೇಖಕರ ಲಿಖಿತ ಒಪ್ಪಿಗೆ ಬೇಕು. ಬೇರೆಯವರ ಮಾತಿನ ಮೇಲೆ ಒಬ್ಬ ಸಂಶೋಧಕಿಯ ಹಕ್ಕನ್ನು ಕಸಿಯಲು ಪತ್ರಿಕೆಯ ನೀತಿ ಬಿಡುವುದಿಲ್ಲ. ವಿಶೇಷವಾಗಿ ಮಹಿಳಾ ಸಂಶೋಧಕಿಯರ ಹಕ್ಕನ್ನು. ನಿಮ್ಮ ಮತ್ತು ನಿಮ್ಮ ಸಹಲೇಖಕಿಯ ನಡುವಿನ ಮನಸ್ತಾಪ ಬೇಗ ಬಗೆಹರಿಯಲಿ ಎಂದು ಹಾರೈಸುತ್ತೇವೆ. ಸಹಲೇಖಕಿಯ ಊರು, ಸಂಸ್ಥೆ ಬಿಟ್ಟುಹೋಗಿದ್ದರೆ ತುಂಬಲು ಪುಟ ತೆರೆದಿಟ್ಟಿದ್ದೇವೆ.

ಇನ್ನು ಐದು ದಿನ ಉಳಿದಿತ್ತು. ಸಿಟ್ಟಿನಲ್ಲಿ ನನ್ನದೇ ಲೇಖನವನ್ನು ಮೊದಲಿಂದ ಓದಿದೆ. ಈ ಎರಡನೆಯ ರುಸ್ಮಿನಿ ಎಲ್ಲಿ ಅಡಗಿದ್ದಾಳೆ, ಕುತ್ತಿಗೆ ಹಿಡಿದು ಎಳೆದು ತರುತ್ತೇನೆ ಎಂಬಂತೆ. ಹನ್ನೊಂದನೆಯ ಪುಟದಲ್ಲಿ ಸಿಕ್ಕಳು.

‘ಮಾಹಿತಿದಾರೆ-7’. ಮೂರು ವರ್ಷ ಇದ್ದಿಲಿನ ಗೆರೆ ಎಳೆದವಳು. ನಾನು ಲೇಖನದಲ್ಲಿ ಸೊನ್ನೆಯಿಂದ ಮೇಲೆ ಬರೆದ ಪ್ರತಿ ಅಂಕಿಯ ಹಿಂದೆಯೂ ಅವಳ ಗೋಡೆಯಿತ್ತು. ಆರು ವರ್ಷದಿಂದ ನಾನು ಮನೆಯೊಳಗೆ ಕಾಲಿಟ್ಟ ಕೂಡಲೇ “ಬಾರೇ ನನ್ನ ಹೆಸರಿನವಳೇ” ಎಂದು ಕೂಗುತ್ತಿದ್ದ ಯೂ ರುಸ್ಮಿನಿ, ಅಂದರೆ ರುಸ್ಮಿನಿ ಅಕ್ಕ. ಮರೆತಿದ್ದೆನೆ? ಮರೆತಿರಲಿಲ್ಲ. ರಜೆ ಕೊಟ್ಟೆ ಎಂದವನ ಹೆಸರನ್ನು ತಾತನ ಸಮೇತ ಬರೆದು, ಗೆರೆ ಎಳೆದವಳಿಗೆ ಒಂದು ಅಂಕಿ ಹಚ್ಚಿದ್ದೆ. ಅಷ್ಟು ದಿನ ಊರಿನವರ ಮೇಲೆಲ್ಲ ಹಾರಾಡಿದ ಸಿಟ್ಟು ಆಗ ಮನೆಗೆ ಬಂದು ನನ್ನೆದುರು ಕುಳಿತುಕೊಂಡಿತು.

ಮರುದಿನ ಬೆಳಿಗ್ಗೆಯೇ ಚಿಲೊಂಗೊಕ್‌ಗೆ ಹೋದೆ. ಯೂ ರುಸ್ಮಿನಿ ಕುದಿಯುವ ಬಾಣಲೆಗೆ ಸೌಟು ಹಾಕಿ ತಿರುವುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು, ಹೊಗೆಗೆ.

“ಏಳು ಅಂದ್ರೆ? ನಾನು ಏಳನೇವಳಾ? ಮೊದಲ ಆರು ಜನ ಯಾರು?”

“ಅದು ಸುಮ್ಮನೆ ಅಂಕಿ, ಯೂ. ನಿಮ್ಮ ಹೆಸರು ಕಾಪಾಡೋಕೆ.”

“ಯಾರಿಂದ? ನನ್ನ ಹೆಸರನ್ನ ಕದಿಯೋಕೆ ಬರ್ತಾರಾ?”

ಕಾಗದ ತೋರಿಸಿ, ಎರಡನೆಯವಳು ಎಂದು ಸಹಿ ಹಾಕಬೇಕು ಎಂದೆ.

“ಎರಡನೇವಳು ಹೆಂಗಾಗ್ತೀನಿ? ನಿನಗಿಂತ ಹನ್ನೆರಡು ವರ್ಷ ದೊಡ್ಡೋಳು ನಾನು.” ಆಮೇಲೆ ಸೌಟಿನಿಂದ ಪಾಕ ಎತ್ತಿ ಎಳೆ ಬಂತೇ ಎಂದು ನೋಡುತ್ತ, “ಹೋಗ್ಲಿ. ಬರೆದೋಳು ನೀನು. ಬರೆಯೋದ್ರಾಗೆ ನೀನು ಮುಂದಿರು, ಕಾಯಿಸೋದ್ರಾಗೆ ನಾನು ಮುಂದಿರ್ತೀನಿ,” ಎಂದಳು. “ಮೂರನೇವನು ಯಾರು?”

“ನಮ್ಮ ಮುಖ್ಯಸ್ಥರು.”

“ಇಲ್ಲಿಗೆ ಯಾವತ್ತು ಬಂದಿದ್ದ?”

“ಬಂದಿಲ್ಲ.”

ಅವಳು ಸೌಟನ್ನು ಬಾಣಲೆಯ ಅಂಚಿಗೆ ಬಡಿದಳು. “ಶುಕ್ರವಾರ ತಾನೇ? ಕಾಗದ ಕಳಿಸೋದು ಯಾಕೆ. ನಾನೇ ಬರ್ತೀನಿ.”

ಸಂಪಾದಕರು ತೆರೆದಿಟ್ಟ ಪುಟದಲ್ಲಿ, ‘ರುಸ್ಮಿನಿ ರುಸ್ಮಿನಿ’ ಎಂದೇ ಇದ್ದ ನನ್ನ ಸಾಲಿನ ಕೆಳಗೆ, ಅವಳ ವಿವರ ತುಂಬಿದೆ. ಸಂಸ್ಥೆ ಎಂಬಲ್ಲಿ ‘ಸ್ವಂತ ಒಲೆ, ಚಿಲೊಂಗೊಕ್’ ಎಂದು ಬರೆದೆ. ಹೆಸರು: ರುಸ್ಮಿನಿ. ಕುಟುಂಬದ ಹೆಸರು: ಕೆಂಪು ನಕ್ಷತ್ರ. ಖಾಲಿ ಬಿಟ್ಟೆ, ಬಿಡಲಿಲ್ಲ. ಚುಕ್ಕಿ ಇಟ್ಟೆ, ಬೇಡವೆಂದಿತು. ಈ ಸಲ ನಾನು ಮೇಜು ನಡುಗಿಸಲಿಲ್ಲ. ಬಹಳ ಸಮಾಧಾನದಿಂದ, ಒಂದೊಂದೇ ಅಕ್ಷರ ಒತ್ತಿ, ಅದೇ ಹೆಸರನ್ನು ಮತ್ತೊಮ್ಮೆ ಬರೆದೆ. ಅಲ್ಪವಿರಾಮದ ಆ ಶ್ರದ್ಧಾವಂತನ ಬಗ್ಗೆ ನನಗೆ ನೆನಪಿತ್ತೋ ಇರಲಿಲ್ಲವೋ, ಅದನ್ನು ಯಾರೂ ಕೇಳಬಾರದು.

ಶುಕ್ರವಾರ ಹನ್ನೊಂದಕ್ಕೆ ಬಡ್ತಿ ವಿಭಾಗದಲ್ಲಿ ನಾವೆಲ್ಲ ಸೇರಿದೆವು. ಯೂ ರುಸ್ಮಿನಿ ಮದುವೆಗೆ ಉಡುವ ಬಾತಿಕ್ ಉಟ್ಟು, ಬಾಳೆಲೆಯಲ್ಲಿ ಸುತ್ತಿದ ಬೆಲ್ಲದ ಅಚ್ಚುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಪಾ ಹಾರ್ದೋಯೋ ತಾವೇ ಮೊದಲಾಗುವ ಅರ್ಜಿಯನ್ನು ಬೆರಳಚ್ಚು ಮಾಡಿಸಿ ತಂದಿದ್ದರು. ಬು ವೆನಿಂಗ್ ತಿದ್ದುಪಡಿಯಾದ ಲೇಖನವನ್ನು ತೆರೆದರು. ಬೆರಳಿಟ್ಟು ಎಣಿಸಿದರು. ಕನ್ನಡಕ ಒರೆಸಿ ಮತ್ತೆ ಎಣಿಸಿದರು.

“ಬು ರುಸ್ಮಿನಿ, ಹೋದ ಸಲ ಇಬ್ಬರಿದ್ರಿ. ಈಗ ನಾಲ್ಕು ಜನ ರುಸ್ಮಿನಿ ಇದೀರಿ.”

“ಹೌದಾ?” ಎಂದೆ.

“ಹಾಗಾದ್ರೆ ಉಳಿದ ಮೂವರೂ ನಾವು ಮೊದಲನೆಯವರಲ್ಲ ಅಂತ ಸಹಿ ಹಾಕ್ಬೇಕು. ಗುರುತಿನ ಚೀಟಿ?”

ಯೂ ರುಸ್ಮಿನಿ ಚೀಟಿ ಕೊಟ್ಟಳು. ಹೆಸರು: ರುಸ್ಮಿನಿ. ಅಕ್ಷರಕ್ಕಕ್ಷರ ಹೊಂದಿತು. “ಕೊಡಿ ಇಲ್ಲಿ,” ಎಂದು ಪೆನ್ನು ತೆಗೆದುಕೊಂಡಳು. “ಮೂರು ಸಲ ತಾನೇ? ನಾನು ದಿನಕ್ಕೆ ಹದಿಮೂರು ಗೆರೆ ಎಳೆದೋಳು.”

ಮೂರು ಕಾಗದ, ಮೂರು ಸ್ಟಾಂಪ್, ಮೂರು ಸಹಿ. ಬು ವೆನಿಂಗ್ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು.

“ಒಬ್ಬಳೇ ಮೂರಕ್ಕೂ ಸಹಿ ಹಾಕಿದ್ಲು!” ಪಾ ಹಾರ್ದೋಯೋ ಕುರ್ಚಿಯಿಂದ ಎದ್ದರು. “ನಿಮ್ಮ ಕಣ್ಣೆದುರಿಗೇ!”

“ನಿಯಮದಲ್ಲಿ ರುಸ್ಮಿನಿಯ ಸಹಿ ಬೇಕು ಅಂತಿದೆ ಪಾ. ಇದು ರುಸ್ಮಿನಿಯ ಸಹಿ. ಮೊದಲ ಲೇಖಕಿಗೆ ಅರವತ್ತು.” ಅವರು ನನ್ನ ಅರ್ಜಿಯ ಮೇಲೆ ಮುದ್ರೆ ಒತ್ತಿದರು. ಆ ಸದ್ದು ನಾನು ಇಪ್ಪತ್ತೆರಡು ವರ್ಷದಿಂದ ಕಾಯುತ್ತಿದ್ದ ಸದ್ದು. ಬಾಗಿಲ ಚಿಲಕ ಬಿದ್ದಷ್ಟು ಸಣ್ಣದು. “ಉಳಿದ ನಲವತ್ತನ್ನ ನಾಲ್ಕು ಜನಕ್ಕೆ ಹಂಚಬೇಕು. ಮೂವರು ರುಸ್ಮಿನಿ, ಒಬ್ಬರು ನೀವು. ನಿಮಗೆ ಹತ್ತು.”

“ಹತ್ತಾ? ಆ ಮೂವರೂ ಒಬ್ಬಳೇ ಕಣ್ರೀ!”

“ಹಾಗಾದ್ರೆ,” ಎಂದರು ಬು ವೆನಿಂಗ್, ಪ್ರೀತಿಯೂ ಇಲ್ಲದೆ ದ್ವೇಷವೂ ಇಲ್ಲದೆ, “ವಾರ್ಡ್ ಕಚೇರಿಯಿಂದ ಪತ್ರ ತನ್ನಿ. ಬಾಗಿಲು ಹನ್ನೆರಡಕ್ಕೆ ಮುಚ್ಚುತ್ತೆ.”

ಪಾ ಹಾರ್ದೋಯೋ ನನ್ನ ಕಡೆ ನೋಡಿದರು. ನಾನು ಬಹಳ ವಿನಯದಿಂದ, “ನಾವೆಲ್ಲ ಒಂದೇ ಕುಟುಂಬ ಅಲ್ವಾ ಪಾ?” ಎಂದೆ.

ಯೂ ರುಸ್ಮಿನಿ ಬಾಳೆಲೆ ಬಿಚ್ಚಿ ಬೆಲ್ಲ ಹಂಚತೊಡಗಿದಳು. ಬು ವೆನಿಂಗ್‌ಗೆ ಒಂದು ಅಚ್ಚು, ನನಗೊಂದು, ಪಕ್ಕದ ಮೇಜಿನವರಿಗೊಂದು. ಪಾ ಹಾರ್ದೋಯೋ ಮುಂದೆ ಬಂದಾಗ ಕೈ ನಿಲ್ಲಿಸಿ, ಅವರನ್ನು ಮೇಲಿಂದ ಕೆಳಗೆ ನೋಡಿ, ನನ್ನತ್ತ ತಿರುಗಿ ಕೇಳಿದಳು:

“ಇವರು ಯಾವ ರುಸ್ಮಿನಿ?”